ಡಾಕ್ಟರಾಗಲು ಹೋದವನ ಆಸ್ಪತ್ರೆ

ಡಿಕೆಂಬೆ ಮುಟೊಂಬೊ 2024ರ ಸೆಪ್ಟೆಂಬರ್ 30ರಂದು ಮಿದುಳಿನ ಕ್ಯಾನ್ಸರಿನಿಂದ ತೀರಿಕೊಂಡ. ಆವತ್ತು ನನ್ನ ಫೋನಿಗೆ ಬಂದ ವಿಡಿಯೊಗಳಲ್ಲೆಲ್ಲ ಒಂದೇ ದೃಶ್ಯ. ಎದುರಾಳಿ ಎಸೆದ ಚೆಂಡನ್ನು ಬಾಸ್ಕೆಟ್ಟಿನ ಬಳಿಯೇ ಬಡಿದು ಹಾಕಿ, ತೋರುಬೆರಳನ್ನು ಅತ್ತಿತ್ತ ಆಡಿಸುತ್ತ 'ಊಹೂಂ, ನನ್ನೆದುರು ನಡೆಯಲ್ಲ' ಎನ್ನುವ ಏಳು ಅಡಿ ಎರಡಿಂಚಿನ ಮನುಷ್ಯ. ಹಾಗೆ ಬೆರಳಾಡಿಸಿದ್ದಕ್ಕೆ ಅಂಪೈರುಗಳು ಫೌಲ್ ಕೊಡತೊಡಗಿದಾಗ ಆತ ಎದುರಾಳಿಯ ಬದಲು ಪ್ರೇಕ್ಷಕರ ಕಡೆ ತಿರುಗಿ ಆಡಿಸತೊಡಗಿದ. ಈ ತರಲೆ ನನಗೆ ಇಷ್ಟ. ಆದರೆ ಅವನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಇದಕ್ಕಲ್ಲ.

ಕಾಂಗೋದ ಕಿನ್ಶಾಸಾದಲ್ಲಿ 1966ರಲ್ಲಿ ಹುಟ್ಟಿದ ಮುಟೊಂಬೊ, 1987ರಲ್ಲಿ ಸ್ಕಾಲರ್‌ಶಿಪ್ ಮೇಲೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದ. ಡಾಕ್ಟರಾಗಿ ಊರಿಗೆ ವಾಪಸಾಗುವುದು ಲೆಕ್ಕಾಚಾರ. ಲಿಂಗಾಲಾ, ಷಿಲುಬಾ, ಫ್ರೆಂಚ್ ಎಲ್ಲ ಬರುತ್ತಿತ್ತು, ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೆ. ಅಂಥ ಎತ್ತರದ ಹುಡುಗ ಕೋಚ್ ಜಾನ್ ಥಾಂಪ್ಸನ್ ಕಣ್ಣಿಗೆ ಬಿದ್ದ ಮೇಲೆ ವೈದ್ಯಕೀಯ ಹಿಂದೆ ಸರಿಯಿತು. ಕೊನೆಗೆ ಕೈಗೆ ಬಂದದ್ದು ಭಾಷಾವಿಜ್ಞಾನ ಮತ್ತು ರಾಜತಾಂತ್ರಿಕತೆಯ ಡಿಗ್ರಿ. ಎಂಜಿನಿಯರಿಂಗ್ ಓದಿ ಇನ್ನೇನೋ ಮಾಡಿಕೊಂಡಿರುವ ನಮಗೆ ಇದೇನು ಹೊಸದಲ್ಲ ಬಿಡಿ.

1991ರಲ್ಲಿ ಡೆನ್ವರ್ ನಗೆಟ್ಸ್ ಅವನನ್ನು ನಾಲ್ಕನೆಯವನಾಗಿ ಆರಿಸಿಕೊಂಡಿತು. 1994ರಲ್ಲಿ ಎಂಟನೇ ಶ್ರೇಯಾಂಕದ ಆ ತಂಡ ಅಗ್ರಶ್ರೇಯಾಂಕದ ಸಿಯಾಟಲನ್ನು ಸೋಲಿಸಿತು. ಎನ್‌ಬಿಎಯಲ್ಲಿ ಹಾಗಾದದ್ದು ಅದೇ ಮೊದಲು. ಕೊನೆಯ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಅಂಗಾತ ಬಿದ್ದು ನಗುತ್ತಿದ್ದ ಮುಟೊಂಬೊನ ಮುಖ ಮರೆಯುವಂಥದ್ದಲ್ಲ. 18 ಸೀಸನ್ನುಗಳಲ್ಲಿ ಅವನು ತಡೆದ ಚೆಂಡುಗಳು 3,289. ಅವನಿಗಿಂತ ಮುಂದಿರುವವನೂ ಆಫ್ರಿಕಾದವನೇ, ನೈಜೀರಿಯಾದ ಹಕೀಮ್ ಒಲಾಜುವಾನ್. ನಾಲ್ಕು ಬಾರಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಾದರೂ ಚಾಂಪಿಯನ್‌ಶಿಪ್ ಒಂದೂ ಸಿಗಲಿಲ್ಲ.

1990ರ ದಶಕದ ಕೊನೆಯಲ್ಲಿ ಕಿನ್ಶಾಸಾದಲ್ಲಿ ಅವನ ತಾಯಿಗೆ ಪಾರ್ಶ್ವವಾಯು ಬಡಿಯಿತು. ಗಲಭೆಯಿಂದಾಗಿ ಕರ್ಫ್ಯೂ ಇತ್ತು. ಮನೆಯವರಿಗೆ ಆಸ್ಪತ್ರೆ ಮುಟ್ಟಲಾಗಲಿಲ್ಲ, ಆಕೆ ಮನೆಯಲ್ಲೇ ತೀರಿಕೊಂಡರು. ಮಗ ಆಗ ಅಮೆರಿಕದಲ್ಲಿ ಕೋಟಿಗಟ್ಟಲೆ ದುಡಿಯುತ್ತಿದ್ದ.

ನಾನು ಕುಮಟಾದವನು. ನಮ್ಮ ಕಡೆ ಯಾರನ್ನಾದರೂ 'ಮಣಿಪಾಲಕ್ಕೆ ಕರ್ಕಂಡು ಹೋದ್ರು' ಅಂದರೆ ವಿಷಯ ಗಂಭೀರ ಎಂದೇ ಅರ್ಥ. ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯವರು 2019ರಲ್ಲಿ ಜಾಲತಾಣದಲ್ಲಿ ಅಭಿಯಾನ ನಡೆಸಿದಾಗ ಪುಣೆಯಲ್ಲಿ ಕೂತು ನಾನೂ ಪೋಸ್ಟ್ ಹಾಕಿದವನೇ. ಆಯಿಗೆ ಎಪ್ಪತ್ತೆರಡು. ರಾತ್ರಿ ಹನ್ನೊಂದರ ಮೇಲೆ ಊರಿನ ನಂಬರು ಕಂಡರೆ ಫೋನ್ ಎತ್ತುವ ಮೊದಲೇ ಹೊಟ್ಟೆ ತೊಳಸುತ್ತದೆ. ನನ್ನ ಸಂಬಳದಿಂದ ಅವಳಿಗೆ ವಿಮೆ ಕೊಡಿಸಬಹುದು, ಆಂಬುಲೆನ್ಸಿಗೆ ಇಲ್ಲಿಂದಲೇ ದುಡ್ಡು ಕಳಿಸಬಹುದು. ಆದರೆ ಆ ಎರಡೂವರೆ ಗಂಟೆಯ ದಾರಿಯನ್ನು ಮೋಟುಮಾಡಲು ಆಗುವುದಿಲ್ಲ.

ಮುಟೊಂಬೊ ಅದನ್ನೇ ಮಾಡಲು ಹೊರಟ. ಕಿನ್ಶಾಸಾದಲ್ಲಿ 300 ಹಾಸಿಗೆಯ ಆಸ್ಪತ್ರೆ, ಖರ್ಚು ಸುಮಾರು 2.9 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವನದೇ ಹಣ. ಉಳಿದದ್ದಕ್ಕೆ ವರ್ಷಗಟ್ಟಲೆ ಕೈಚಾಚಿದ. ಕೋಟ್ಯಧೀಶ ಆಟಗಾರರ ದಾನಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಅವುಗಳಲ್ಲಿ ಹೆಚ್ಚಿನವು ಫೋಟೊದಲ್ಲಿ ಮುಗಿಯುತ್ತವೆ. ಇದು ಹಾಗಲ್ಲ. ಅಡಿಗಲ್ಲು ಬಿದ್ದ ಮೇಲೆ ಆರು ವರ್ಷ ಹಿಡಿಯಿತು.

2007ರಲ್ಲಿ ಅಲ್ಲಿ ರೋಗಿಗಳು ಬರತೊಡಗಿದಾಗ ಅವನು ನಿವೃತ್ತನಾಗಿರಲಿಲ್ಲ. ನಲವತ್ತು ದಾಟಿದ ಮೇಲೂ ಹ್ಯೂಸ್ಟನ್ನಿನಲ್ಲಿ, ಚೀನಾದ ಯಾವ್ ಮಿಂಗ್ ದಣಿದಾಗ ಅವನ ಜಾಗಕ್ಕೆ ಇಳಿಯುತ್ತಿದ್ದ. 2009ರ ಏಪ್ರಿಲಿನಲ್ಲಿ ಪೋರ್ಟ್‌ಲೆಂಡಿನಲ್ಲಿ ಮೊಣಕಾಲು ಮುರುಟಿ ಬಿದ್ದ, ಮತ್ತೆ ಆಡಲಿಲ್ಲ. ಆಸ್ಪತ್ರೆಯ ಬೋರ್ಡಿನ ಮೇಲಿರುವುದು ತಾಯಿಯ ಹೆಸರು: ಬಿಯಾಂಬಾ ಮರೀ ಮುಟೊಂಬೊ.