ದಪ್ಪ ಗಾಲಿಯ ಭಾರವಾಹಿ

ಬೈಸಿಕಲ್ಲಿನ ಮೇಲೆ ಹೊರೆ ಹೇರುವುದು ಕನ್ನಡ ನಾಡಿನವರಿಗೆ ಹೊಸ ಸಂಗತಿಯೇನಲ್ಲ. ಇಕ್ಕೆಲಗಳಲ್ಲಿ ಹಾಲಿನ ಕ್ಯಾನುಗಳನ್ನು ತೂಗುಬಿಟ್ಟು ಹಳ್ಳಿಯಿಂದ ಪೇಟೆಗೆ ಬರುವವನೂ, ಎಳನೀರಿನ ಗೊನೆಗಳ ನಡುವೆ ತಾನೇ ಮರೆಯಾಗಿ ಸಾಗುವವನೂ ಇಲ್ಲಿಯ ಬೀದಿಗಳಿಗೆ ಚಿರಪರಿಚಿತರು. ಏರು ಬಂದಾಗ ಅವರು ಇಳಿದು ತಳ್ಳುತ್ತಾರೆ. ಆ ತಳ್ಳುವ ಕಷ್ಟವನ್ನು ನೀಗಿಸಲೆಂದೇ ಬಂದಂತೆ ತೋರುವ ವಾಹನವೊಂದು ಈಚಿನ ವರ್ಷಗಳಲ್ಲಿ ಅಮೆರಿಕ ಮತ್ತು ಯೂರೋಪಿನ ನಗರಗಳಲ್ಲಿ ಹಬ್ಬಿದೆ. ಸುಮಾರು ನಾಲ್ಕು ಅಂಗುಲ ಅಗಲದ ಟೈರುಳ್ಳ ವಿದ್ಯುತ್ ಬೈಸಿಕಲ್ಲೇ ಅದು.

ಈ ಟೈರು ನಗರದ ಕೂಸಲ್ಲ. 1987ರಲ್ಲಿ ಅಲಾಸ್ಕದ ಹಿಮದ ಹಾದಿಯಲ್ಲಿ ಇಡಿಟಾಬೈಕ್ ಎಂಬ ಸೈಕಲ್ ಪಂದ್ಯ ಆರಂಭವಾಯಿತು. ಸಾಮಾನ್ಯ ಗಾಲಿಗಳು ಹಿಮದಲ್ಲಿ ಹೂತುಹೋಗುತ್ತಿದ್ದುದರಿಂದ ಅಲ್ಲಿಯ ಸವಾರರು ಎರಡು ರಿಮ್ಮುಗಳನ್ನು ಪಕ್ಕಪಕ್ಕಕ್ಕೆ ಬೆಸೆದು ಅಗಲ ಮಾಡಿಕೊಂಡರು. 2005ರಲ್ಲಿ ಸರ್ಲಿ ಕಂಪೆನಿಯ ಪಗ್ಸ್ಲಿ ಹೊರಬಂದ ಮೇಲೆ ಇಂಥ ಸೈಕಲ್ಲು ಅಂಗಡಿಯ ಸರಕಾಯಿತು. ಗಾಳಿಯ ಒತ್ತಡ ಕಡಿಮೆ, ನೆಲದ ಮೇಲಿನ ಹಿಡಿತ ಹೆಚ್ಚು. ಹಿಮಕ್ಕೆ ಒದಗಿದ ಈ ಗುಣವೇ ಗುಂಡಿ ಬಿದ್ದ ಡಾಂಬರು ರಸ್ತೆಗೂ ಒದಗಿತು.

ಆದರೆ ಮೆತ್ತನೆಯ ಟೈರು ಉರುಳಲು ಶಕ್ತಿಯನ್ನು ಬೇಡುತ್ತದೆ. ಬ್ಯಾಟರಿ ಮುಗಿದ ಮೂವತ್ತು ಕಿಲೋಗ್ರಾಂ ತೂಕದ ಈ ಗಾಡಿಯನ್ನು ಹೊರೆಸಮೇತ ತುಳಿಯುವವನ ಪಾಡು ಹಾಲಿನವನ ಪಾಡಿಗಿಂತ ಕಡೆ. 48 ವೋಲ್ಟಿನ, 14 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 672 ವ್ಯಾಟ್-ಗಂಟೆಗಳ ಶಕ್ತಿಯಿದೆ. ಕಿಲೋಮೀಟರಿಗೆ 15 ವ್ಯಾಟ್-ಗಂಟೆ ಖರ್ಚಾದರೆ ಸುಮಾರು 45 ಕಿಲೋಮೀಟರು ಸಾಗಬಹುದು. ಹೊರೆ, ಏರು, ಎದುರುಗಾಳಿ ಸೇರಿದರೆ, ಸವಾರನು ಪೆಡಲು ಮುಟ್ಟದೆ ಕೇವಲ ಮೋಟಾರನ್ನೇ ನಂಬಿದರೆ, ಈ ಲೆಕ್ಕ ಬೇಗನೆ ಕುಗ್ಗುತ್ತದೆ. ಹೊರೆಯನ್ನು ಎತ್ತರದಲ್ಲಿ ಕಟ್ಟಿದರೆ ತಿರುವಿನಲ್ಲಿ ಗಾಡಿ ತೊನೆಯುತ್ತದೆ. ಆದುದರಿಂದ ತಯಾರಕರು ಹಿಂದಿನ ಕ್ಯಾರಿಯರನ್ನು ಉದ್ದ ಮಾಡಿ ಅದರ ಇಕ್ಕೆಲಗಳಲ್ಲಿ ಕೆಳಮಟ್ಟಕ್ಕೆ ಚೀಲಗಳನ್ನು ಇಳಿಬಿಟ್ಟರು. ಹಾಲಿನ ಕ್ಯಾನು ಎಲ್ಲಿ ತೂಗುತ್ತದೆಂಬುದನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು.

ವೇಗದ ವಿಷಯ ಇದಕ್ಕಿಂತ ಗಂಭೀರವಾದುದು. ಯೂರೋಪಿನ ನಿಯಮದಂತೆ ಮೋಟಾರಿನ ನೆರವು ಗಂಟೆಗೆ 25 ಕಿಲೋಮೀಟರಿಗೆ ನಿಲ್ಲಬೇಕು. ಅಮೆರಿಕದಲ್ಲಿ ಸಾಮಾನ್ಯ ಮಿತಿ 32. ಅಂತರ ಅಲ್ಪವೆಂದು ತೋರಿದರೂ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವೆಂಬ ಶಾಲೆಯ ಪಾಠವನ್ನು ಅನ್ವಯಿಸಿದರೆ ಅದು ಒಂದೂವರೆ ಪಟ್ಟಿಗೂ ಮೀರುತ್ತದೆ. ಹಿಂದೆ ನಲವತ್ತು ಕಿಲೋಗ್ರಾಂ ಹೊರೆಯಿದ್ದಾಗ ಅದನ್ನೆಲ್ಲ ತಡೆಯಬೇಕಾದವು ಎರಡು ಸಣ್ಣ ಬ್ರೇಕುಗಳು. ನೆದರ್ಲೆಂಡಿನಲ್ಲಿ ಎಳೆಯರು ಈ ಮಿತಿಯನ್ನು ಕಳಚಿ ಓಡಿಸತೊಡಗಿದಾಗ, ದಪ್ಪ ಟೈರಿನ ಗಾಡಿಗೆ ಹೆಲ್ಮೆಟ್ಟನ್ನೂ ಕನಿಷ್ಠ ವಯಸ್ಸನ್ನೂ ವಿಧಿಸಬೇಕೆಂದು 2024ರಲ್ಲಿ ಅಲ್ಲಿಯ ಸಂಸತ್ತು ಒತ್ತಾಯಿಸಿತು. ಆದರೆ ಟೈರಿನ ಅಗಲವನ್ನು ಕಾನೂನು ಅಳೆದರೆ, ತಯಾರಕನು ಅದನ್ನು ಕೂದಲೆಳೆಯಷ್ಟು ಕಿರಿದು ಮಾಡಿ ತಪ್ಪಿಸಿಕೊಳ್ಳುವನೆಂಬ ತೊಡಕು ಎದುರಾಯಿತು.

ನ್ಯೂಯಾರ್ಕಿನ ಕಥೆ ಕರುಣಾಜನಕವಾದುದು. ಮನೆಮನೆಗೆ ಊಟ ತಲುಪಿಸುವ ಬಡ ವಲಸಿಗರು ಅಗ್ಗದ ಬ್ಯಾಟರಿಗಳನ್ನು ಇಕ್ಕಟ್ಟಾದ ವಸತಿಗಳಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಡುತ್ತಿದ್ದರು. 2023ರಲ್ಲಿ ಇಂಥ ಲಿಥಿಯಂ ಬ್ಯಾಟರಿಗಳ ಬೆಂಕಿಗೆ ಆ ನಗರದಲ್ಲಿ 18 ಮಂದಿ ಬಲಿಯಾದರು. ಅದೇ ವರ್ಷದ ಸೆಪ್ಟೆಂಬರಿನಿಂದ ಸುರಕ್ಷತಾ ಪ್ರಮಾಣಪತ್ರವಿಲ್ಲದ ಗಾಡಿ ಹಾಗೂ ಬ್ಯಾಟರಿಗಳ ಮಾರಾಟ ನಿಷಿದ್ಧವಾಯಿತು. ನಿಯಮ ಅಗತ್ಯವಾಗಿತ್ತು, ನಿಜ. ಆದರೂ ಬಿಸಿ ಊಟವನ್ನು ಬಾಗಿಲಲ್ಲೇ ಬಯಸಿದವನು ಒಬ್ಬ, ಒಳ್ಳೆಯ ಬ್ಯಾಟರಿಯ ದುಬಾರಿ ಬೆಲೆ ತೆರಬೇಕಾದವನು ಇನ್ನೊಬ್ಬ ಎಂಬ ಅಸಮತೆಯನ್ನು ಆ ನಿಯಮ ಮುಟ್ಟಲಿಲ್ಲ.

ಭಾರತದಲ್ಲಿ 250 ವ್ಯಾಟ್ ಮತ್ತು 25 ಕಿಲೋಮೀಟರುಗಳ ಮಿತಿಯೊಳಗಿನ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಂ ಮೀರದ ವಿದ್ಯುತ್ ದ್ವಿಚಕ್ರಿಗೆ ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ. ಅಮೆರಿಕದ 750 ವ್ಯಾಟಿನ ದಪ್ಪ ಟೈರಿನ ಗಾಡಿ ಇಲ್ಲಿಗೆ ಬಂದರೆ ಮೋಟಾರು ವಾಹನವೆನಿಸುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುವ ಯುಲು ಗಾಡಿಗಳು ಈ ಮಿತಿಯೊಳಗೇ ಊಟದ ಪೊಟ್ಟಣಗಳನ್ನು ಹೊತ್ತು ಓಡಾಡುತ್ತಿವೆ. ಅವುಗಳಿಗೆ ಪೆಡಲೇ ಇಲ್ಲ. ದಪ್ಪ ಟೈರಿಗೆ ಇಲ್ಲಿ ಇನ್ನೊಂದು ಪರೀಕ್ಷೆಯಿದೆ. ಹಿಂದಿನ ಗಾಲಿಯ ಮಧ್ಯದಲ್ಲೇ ಮೋಟಾರಿದ್ದು ಅದಕ್ಕೆ ತಂತಿ ಜೋಡಿಸಿರುವುದರಿಂದ, ಪಂಕ್ಚರಾದಾಗ ಗಾಲಿಯನ್ನು ಸುಲಭವಾಗಿ ಕಳಚಲಾಗದು. ಮರದಡಿಯ ಪಂಕ್ಚರ್ ಅಂಗಡಿಯವನು ಗಾಲಿ ಬಿಚ್ಚದೆಯೇ ಟೈರಿನ ಒಂದು ಅಂಚನ್ನು ಎಬ್ಬಿಸಿ, ಟ್ಯೂಬಿನ ತೂತಿರುವ ಭಾಗವನ್ನಷ್ಟೇ ಹೊರಗೆಳೆದು, ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆಗಳಿಗಾಗಿ ಕಾಯಬೇಕಾಗುತ್ತದೆ.