ಘಟ್ಟದ ಬುಡದಲ್ಲಿ ಬಂದು ನೆಲಸಿದವರು

ತುಳುನಾಡಿನ ಪ್ರವಾಸವೆಂದೊಡನೆ ವಾಚಕರು ಬಸದಿ, ಗೊಮ್ಮಟ, ಧರ್ಮಸ್ಥಳ ಇವುಗಳ ವರ್ಣನೆಯನ್ನೇ ನಿರೀಕ್ಷಿಸುವುದು ಸಹಜ. ಆದರೆ ಈ ಸಲ ನಾವು ಮೂವರು ಮಿತ್ರರು ಮನೆಯಿಂದ ಹೊರಟುದು ಬೇರೊಂದು ಕಾರಣದಿಂದ. ಒಂದು ಸಂಜೆ ಜಗಲಿಯಲ್ಲಿ ಕುಳಿತು ಪತ್ರಿಕೆಯಲ್ಲಿ ಇಸ್ರೇಲಿನವರು ಪಾಲೆಸ್ತೀನದ ಗುಡ್ಡಗಳಲ್ಲಿ ಕಟ್ಟಿಕೊಂಡ ಊರುಗಳ ಸುದ್ದಿಯನ್ನು ಓದುತ್ತಿದ್ದಾಗ, ಮನೆಯ ಹಿರಿಯರೊಬ್ಬರು ತಟ್ಟನೆ, “ನಮ್ಮ ಬೆಳ್ತಂಗಡಿಯಲ್ಲಿಯೂ ತಿರುವಾಂಕೂರಿನವರು ಬಂದು ಗುಡ್ಡೆ ಹಿಡಿದು ಕುಳಿತಿಲ್ಲವೇ? ಅದಕ್ಕೂ ಇದಕ್ಕೂ ಏನು ಭೇದ?” ಎಂದು ಕೇಳಿದರು. ನಮ್ಮಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಕಣ್ಣಾರೆ ನೋಡಿ ಬರೋಣವೆಂದು ನಿಶ್ಚಯಿಸಿದೆವು.

ಮೊದಲು ಮೂಡಬಿದಿರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ತಂಪಿನಲ್ಲಿ ತುಸು ಹೊತ್ತು ಕುಳಿತು, ಚೌಟರ ಅರಮನೆಯ ಕೆತ್ತನೆಯ ಮರದ ಕಂಬಗಳನ್ನು ನೋಡಿಕೊಂಡು ಹೊರಬಿದ್ದೆವು. ಇಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯ ಕಡೆ ಬಂಗರು, ಕಾರ್ಕಳದಲ್ಲಿ ಭೈರರಸರು. ಒಂದು ದಿನದ ನಡಿಗೆಯಲ್ಲಿ ಎರಡು ರಾಜ್ಯಗಳನ್ನು ದಾಟಬಹುದಾಗಿದ್ದ ಕಾಲವದು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನ ಎದುರು ನಿಂತಾಗ ಅಲ್ಲಿಯವರು ಆ ಹಳೆಯ ಕಥೆಯನ್ನು ನೆನಪಿಸಿದರು: ತನ್ನ ಕಾರ್ಕಳದ ಮೂರ್ತಿಗೆ ಎಣೆಯಾಗಿ ಇನ್ನೊಂದು ಏಳುವುದನ್ನು ಸಹಿಸದ ಭೈರರಸನು ದಂಡೆತ್ತಿ ಬಂದನಂತೆ, ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಕಾದನಂತೆ. ಐತಿಹ್ಯವೇ ಇರಬಹುದು. ಆದರೆ ಈ ಅರಸರು ಎಷ್ಟು ಸಲ ಗಡಿ ಸರಿಸಿದರೂ ಬೈಲಿನಲ್ಲಿ ಉಳುತ್ತಿದ್ದ ಒಕ್ಕಲು ಹೆಚ್ಚಾಗಿ ಅಲ್ಲೇ ಉಳಿಯುತ್ತಿದ್ದಿತು. ತೆರಿಗೆ ಯಾರಿಗೆಂಬುದು ಮಾತ್ರ ಬದಲಾಗುತ್ತಿತ್ತು. ಅರಸು ಬದಲಾಗುವುದು ಒಂದು, ಒಕ್ಕಲೇ ಬದಲಾಗುವುದು ಇನ್ನೊಂದು.

ವೇಣೂರಿನಿಂದ ನಾರಾವಿಯ ಮೇಲೆ ಕುತ್ಲೂರಿಗೆ ಹೋದೆವು. ರಸ್ತೆ ಏರುತ್ತ ಹೋದಂತೆ ಅಡಿಕೆಯ ತೋಟಗಳು ವಿರಳವಾಗಿ ಕಾಡು ದಟ್ಟವಾಗುತ್ತದೆ. ಇಲ್ಲಿ ಮಲೆಕುಡಿಯರ ಮನೆಗಳುಂಟು. ಕಾಡು ಕಡಿದು ಸುಟ್ಟು ಒಂದೆರಡು ವರ್ಷ ಬಿತ್ತಿ ಮುಂದಕ್ಕೆ ಸರಿಯುವ ಕುಮರಿ ಬೇಸಾಯ ಈ ಘಟ್ಟದ ಬುಡದಲ್ಲಿ ಹಿಂದಿನಿಂದ ನಡೆದುಬಂದುದು. 1860ರಲ್ಲಿ ಮದರಾಸು ಸರಕಾರವು ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದೆಂದು ಕಟ್ಟುಮಾಡಿತು. ಅಂದಿನಿಂದ ಕಾಡಿಗೆ ಒಡೆಯನುಂಟಾದನು. ಕಾಡಿನೊಳಗಿದ್ದವನು ಕೇಳಿಕೊಂಡು ಇರತಕ್ಕವನಾದನು. ಮುಂದೆ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಥಮ ಘೋಷಣೆ, 2001ರಲ್ಲಿ ಅಂತಿಮ ಘೋಷಣೆ. ಪರಿಹಾರ ಪಡೆದು ಕೆಳಗಿಳಿದು ಹೋದ ಮನೆಗಳುಂಟು, ಹೋಗಲೊಲ್ಲದೆ ಉಳಿದ ಮನೆಗಳೂ ಉಂಟು. ಇದೇ ಕುತ್ಲೂರಿಗೆ 2024ರಲ್ಲಿ ಸಾಹಸ ಪ್ರವಾಸಕ್ಕೆ ಉತ್ತಮವಾದ ಗ್ರಾಮವೆಂದು ಕೇಂದ್ರ ಸರಕಾರದ ಪ್ರಶಸ್ತಿ ಬಂದಿತು. ಇದನ್ನು ಓದಿ ನಗಬೇಕೋ ಬೇಡವೋ ವಾಚಕರೇ ಹೇಳಲಿ.

ಒಂದು ಮನೆಯ ಅಂಗಳದಲ್ಲಿ ಮಜ್ಜಿಗೆ ಕೊಟ್ಟ ಮುದುಕರನ್ನು, “ಅಜ್ಜ, ಎಷ್ಟು ಕಾಲದಿಂದ ಇಲ್ಲಿದ್ದೀರಿ?” ಎಂದು ವಿಚಾರಿಸಿದೆವು. “ಕಾಗದ ಕೇಳಿದರೆ ಇಲ್ಲ ಸ್ವಾಮಿ. ಆ ಮಾವಿನಮರ ನೋಡಿ, ನಮ್ಮ ಅಜ್ಜ ನೆಟ್ಟದ್ದು. ಆಫೀಸಿಗೆ ಮರವನ್ನು ಹೊತ್ತುಕೊಂಡು ಹೋಗಲಿಕ್ಕೆ ಆಗುತ್ತದಾ?” ಎಂದರು. ಕೋಪವಿರಲಿಲ್ಲ, ನಗೆಯೂ ಇರಲಿಲ್ಲ.

ಆ ರಾತ್ರಿ ಬೆಳ್ತಂಗಡಿಯಲ್ಲಿ ತಂಗಿದೆವು. ಬೆಳಗಾಗುತ್ತಲೇ ಮಂಜಿನ ನಡುವೆ ಗಡಾಯಿಕಲ್ಲು ತಲೆಯೆತ್ತಿ ನಿಂತಿತ್ತು. ಟಿಪ್ಪುವು 1794ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದೆಂದು ಹೆಸರಿಟ್ಟನು. 1799ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಹತ್ತಲು ನಮಗೆ ಕಾಲಿನಲ್ಲಿ ಬಲವಿರಲಿಲ್ಲ. ನೇರವಾಗಿ ಚಾರ್ಮಾಡಿಯ ದಾರಿ ಹಿಡಿದು, ಬಲಕ್ಕೆ ತಿರುಗಿ ನೆರಿಯದ ಕಡೆಗೆ ಹೋದೆವು.

ಇಲ್ಲಿಂದ ನೋಟವೇ ಬೇರೆ. ಗುಡ್ಡದ ಮೇಲೆ ಗುಡ್ಡ, ಎಲ್ಲೆಲ್ಲೂ ಸಾಲು ಹಿಡಿದ ರಬ್ಬರು ಮರಗಳು, ಪ್ರತಿಯೊಂದರ ಸೊಂಟಕ್ಕೂ ಹಾಲು ಹಿಡಿಯುವ ಗೆರಟೆ. ಮನೆಯ ಹಿತ್ತಿಲಲ್ಲಿ ಮರಗೆಣಸು, ಕರಿಮೆಣಸು, ಹಲಸು. ನೆರಿಯ, ಗಂಡಿಬಾಗಿಲು, ತೋಟತ್ತಾಡಿ ಮೊದಲಾದ ಕಡೆಗಳಲ್ಲಿ ಸುರಿಯಾನಿ ಕ್ರೈಸ್ತರ ಇಗರ್ಜಿಗಳುಂಟು. ಇವರಿಗಾಗಿ 1999ರಲ್ಲಿ ತಲಶ್ಶೇರಿಯಿಂದ ಪ್ರತ್ಯೇಕಿಸಿ ಬೆಳ್ತಂಗಡಿಯ ಧರ್ಮಪ್ರಾಂತವನ್ನು ಸ್ಥಾಪಿಸಿದರು.

ಇವರು ಬಂದ ಬಗೆಯನ್ನು ತಿಳಿಯದೆ ತೀರ್ಪು ಹೇಳಲಾಗದು. ತಿರುವಾಂಕೂರಿನಲ್ಲಿ ಜನ ಹೆಚ್ಚು, ನೆಲ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ ಹೊಟ್ಟೆಗೆ ಹಾಹಾಕಾರವಾಯಿತು. ಇದ್ದ ಅರ್ಧ ಎಕರೆಯನ್ನು ಮಾರಿ, ಅದೇ ದುಡ್ಡಿಗೆ ಬಡಗಣ ಗುಡ್ಡಗಳಲ್ಲಿ ಹಲವು ಎಕರೆ ಸಿಗುತ್ತದೆಂದು ಕೇಳಿ ಮೊದಲು ಮಲಬಾರಿಗೆ, ಬಳಿಕ ನಮ್ಮ ಜಿಲ್ಲೆಗೆ ಹರಿದು ಬಂದರು. ಬತ್ತ ಬೆಳೆಯುವ ಬೈಲು, ಮಜಲು, ಬೆಟ್ಟುಗಳನ್ನು ಬಿಟ್ಟರೆ ಉಳಿದ ಗುಡ್ಡೆಗೆ ನಮ್ಮ ವರ್ಗದಾರರಲ್ಲಿ ಬೆಲೆಯಿರಲಿಲ್ಲ. ಬಂದಷ್ಟು ಬರಲಿ ಎಂದು ಕೊಟ್ಟವರೇ ಹೆಚ್ಚು. ನಾವು ಕಂಡ ಎಂಬತ್ತು ದಾಟಿದ ಮುದುಕರು ತಾಯಿಯ ಸೊಂಟದ ಮೇಲೆ ಕುಳಿತು ಬಂದವರು. ಎರಣಾಕುಳದಿಂದ ಮಂಗಳೂರಿಗೆ ರೈಲು, ಅಲ್ಲಿಂದ ಮುಂದೆ ಸಿಕ್ಕಿದ ಬಂಡಿ, ಕೊನೆಯಲ್ಲಿ ಕಾಲುನಡಿಗೆ. “ಮೊದಲ ಮಳೆಗಾಲದಲ್ಲೇ ಚಳಿಜ್ವರಕ್ಕೆ ಇಬ್ಬರು ಅಕ್ಕಂದಿರು ಹೋದರು ಸಾರ್. ಅಪ್ಪ ಹಿಂದೆ ಹೋಗೋಣ ಎಂದರು. ಅಮ್ಮ, ಮಕ್ಕಳನ್ನು ಇಲ್ಲಿ ಮಣ್ಣು ಮಾಡಿ ಎಲ್ಲಿಗೆ ಹೋಗುವುದು ಎಂದರಂತೆ,” ಎಂದು ಮಲಯಾಳದ ಧಾಟಿಯ ಕನ್ನಡದಲ್ಲಿ ಹೇಳಿದರು. ಅವರ ಮೊಮ್ಮಗಳು ಎದುರಿಗೇ ಕುಳಿತು ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು.

ಈಗ ನಮ್ಮ ಹಿರಿಯರ ಪ್ರಶ್ನೆ. 1967ರ ಜೂನ್ ಯುದ್ಧದಲ್ಲಿ ಇಸ್ರೇಲು ಜೋರ್ಡಾನ್ ಹೊಳೆಯ ಪಶ್ಚಿಮ ದಡವನ್ನು ಗೆದ್ದುಕೊಂಡಿತು. ಅದು ದೇವರು ತಮ್ಮ ಪೂರ್ವಜರಿಗೆ ಕೊಟ್ಟ ನೆಲವೆಂದು ಕೆಲವರು, ದೇಶದ ರಕ್ಷಣೆಗೆ ಬೇಕೆಂದು ಕೆಲವರು ಅಲ್ಲಿ ಮನೆ ಕಟ್ಟತೊಡಗಿದರು; 1974ರಲ್ಲಿ ಗುಶ್ ಎಮುನಿಮ್ ಎಂಬ ಸಂಘವೇ ಹುಟ್ಟಿತು. ಹಿಡಿದ ನೆಲಕ್ಕೆ ತನ್ನ ಪ್ರಜೆಗಳನ್ನು ಸಾಗಿಸಕೂಡದೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಅದು ತನಗೆ ಅಲ್ಲಿ ಅನ್ವಯಿಸದೆಂಬುದು ಇಸ್ರೇಲಿನ ವಾದ. 2024ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಆ ಊರುಗಳು ಕಾನೂನಿಗೆ ವಿರುದ್ಧವೆಂದು ಅಭಿಪ್ರಾಯವಿತ್ತಿತು. ಅವರಲ್ಲಿಯೇ ಒಮ್ಮತವಿಲ್ಲ: ಇದನ್ನು ವಿರೋಧಿಸುವ ‘ಈಗ ಶಾಂತಿ’ ಎಂಬ ಚಳವಳಿ 1978ರಿಂದ ಉಂಟು, 2005ರಲ್ಲಿ ಗಾಜಾದ 21 ಊರುಗಳಿಂದ ತನ್ನವರನ್ನು ಆ ಸರಕಾರವೇ ಎಬ್ಬಿಸಿ ಕರೆತಂದಿತು.

ಅಲ್ಲಿ ನೆಲಸಿದವನ ಹಿಂದೆ ಸೈನ್ಯವುಂಟು, ಮುಂದೆ ದೇಶದ ಗಡಿಯುಂಟು. ನೆರಿಯದ ಮುದುಕರ ತಂದೆಯ ಹಿಂದೆ ಇದ್ದುದು ಹಸಿವೆಯೊಂದೇ. ಅವರು ಬಾವುಟ ತರಲಿಲ್ಲ, ಈ ನೆಲ ತಿರುವಾಂಕೂರಿಗೆ ಸೇರಲೆಂದು ಕೇಳಲಿಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಹೋದಾಗ ಅಲ್ಲಿಯ ಕನ್ನಡಿಗರು ಪಟ್ಟ ಸಂಕಟ ನಮಗೆ ಗೊತ್ತು. ಚಂದ್ರಗಿರಿಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದೂ ಗೊತ್ತು. ಆ ನೋವಿನಿಂದಲೇ ಇಲ್ಲಿ ಮಲಯಾಳ ಮಾತಾಡುವವರೆಲ್ಲರೂ ಗಡಿ ನುಂಗಲು ಬಂದವರೆಂದು ಕೆಲವರು ಶಂಕಿಸುವುದುಂಟು. ನಮಗೆ ಅದು ಸರಿಯೆನಿಸಲಿಲ್ಲ.

ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯಲಿಲ್ಲ. ವರ್ಗ ಭೂಮಿಯ ಸುತ್ತ ಸುಮಾರು ನೂರು ಗಜದ ಸರಕಾರೀ ಗುಡ್ಡೆಗೆ ಕುಮ್ಕಿಯೆಂದು ಹೆಸರು. ಸೊಪ್ಪು, ತರಗೆಲೆ, ಸೌದೆ, ದನದ ಮೇವು ಇಷ್ಟಕ್ಕೆ ಮಾತ್ರ ಅದರಲ್ಲಿ ವರ್ಗದಾರನಿಗೆ ಸೌಲಭ್ಯ. ಗುಡ್ಡೆ ಮಾರುವಾಗ ಕಾಗದದಲ್ಲಿದ್ದುದು ಎಷ್ಟು, ಬೇಲಿ ಸುತ್ತುವರಿದುದು ಎಷ್ಟು? ಇದರಲ್ಲಿ ಊರವರೂ ಬಂದವರೂ ಸಮಾನರು. ಯಾರನ್ನೂ ಪ್ರತ್ಯೇಕಿಸಿ ಬೈಯುವಂತಿಲ್ಲ. ಬೇಲಿಗೆ ಹೊರಗಾದವನು, ಯಾವ ಕಾಗದವೂ ಇಲ್ಲದೆ ಸೀಗೆಕಾಯಿ, ಜೇನು ತಂದು ಬದುಕುತ್ತಿದ್ದವನು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವನಿಗೆ 2005ರ ಡಿಸೆಂಬರ 13ರ ಹಿಂದಿನ ವಾಸ ಸಾಕು. ಇತರರಾದರೆ ಅದಕ್ಕೂ ಹಿಂದಿನ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಹೀಗಾಗಿ ಕಾಡಂಚಿನಲ್ಲಿ ಅಕ್ಕಂದಿರನ್ನು ಮಣ್ಣು ಮಾಡಿದವರಿಗೂ ಆ ಕಾಯಿದೆ ಒದಗುವುದಿಲ್ಲ.

ಸಂಜೆಯ ಹೊತ್ತಿಗೆ ನೇತ್ರಾವತಿಯ ದಡದ ಬಂಟ್ವಾಳಕ್ಕೆ ಇಳಿದೆವು. ಘಟ್ಟದ ಸರಕು ಹೊಳೆಯ ದೋಣಿಗೆ ಏರುತ್ತಿದ್ದ ಹಳೆಯ ಪೇಟೆಯಿದು. ಈಗ ಗದ್ದಲವೆಲ್ಲ ಬಿ.ಸಿ.ರೋಡಿಗೆ ಹೋಗಿದೆ. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದಿದ್ದರು. ಅದರಲ್ಲಿ ಅಕ್ರಮ ಸಕ್ರಮದ ಅರ್ಜಿಯ ನಕಲು, ತೀರ್ವೆಯ ರಶೀದಿ, ಯಾರೋ ಬರೆದ ನಕ್ಷೆ. ತಾಲೂಕು ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆಂದು ಅವರು ಕೇಳಿದರು. ಹತ್ತಕ್ಕೆ ಎಂದೆವು. “ಹಾಗಾದರೆ ಇಂದು ಇಲ್ಲೇ ನೆಂಟರಲ್ಲಿ ಉಳಿಯುತ್ತೇನೆ,” ಎಂದು ಹೇಳಿ, ಚೀಲವನ್ನು ಎದೆಗೊತ್ತಿಕೊಂಡು ಇಳಿದುಹೋದರು.