ಬೆಳಗಾವಿಯಲ್ಲಿ ಹತ್ತಿ, ಖಾನಾಪುರದಲ್ಲಿ ಇಳಿದು

ಬೆಳಗಾವಿಯ ರೈಲು ನಿಲ್ದಾಣದಲ್ಲಿ ಎರಡು ಬಗೆಯ ಪ್ರಯಾಣಿಕರು ಕಾಣಸಿಗುತ್ತಾರೆ. ಒಂದು ನಮ್ಮಂಥವರು: ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು. ಇನ್ನೊಂದು ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದ ಜವಾನರು: ಟ್ರಂಕುಗಳನ್ನು ಸಾಲಾಗಿಟ್ಟು ಆಜ್ಞೆಗೆ ಕಾಯುವವರು. ನಾವು ರೈಲು ‘ಹತ್ತು’ತ್ತೇವೆ. ಸೈನ್ಯದ ಇಂಗ್ಲಿಷಿನಲ್ಲಿ ಅವರು ‘ಎಂಟ್ರೇನ್’ ಆಗುತ್ತಾರೆ, ಇಳಿದರೆ ‘ಡಿಟ್ರೇನ್’. ಲಾರಿ, ಬಸ್ಸಾದರೆ ‘ಎಂಬಸ್’, ‘ಡಿಬಸ್’. ಸಾಂಬ್ರಾದಲ್ಲಿ ವಿಮಾನವೇರಿದರೆ ‘ಎಂಪ್ಲೇನ್’.

ಇವೆಲ್ಲದರ ಹಿರಿಯಣ್ಣ ‘ಎಂಬಾರ್ಕ್’. ಬಾರ್ಕ್ ಎಂದರೆ ಹಡಗು. ರೈಲು ಬಂದ ಮೇಲೆ 19ನೇ ಶತಮಾನದಲ್ಲಿ ಅದೇ ಅಚ್ಚಿನಲ್ಲಿ ರೈಲಿನ ಶಬ್ದ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಲು ಲಂಡನ್ನಿನ ಬಸ್ಸುಗಳೇ ಫ್ರಾನ್ಸಿಗೆ ಹೋದವು. ಬಸ್ಸಿನ ಶಬ್ದವೂ ಆ ಕಾಲದ್ದೇ.

ಅದೇ ಯುದ್ಧಕ್ಕೆ ನಮ್ಮೂರಿನ ಹೆಸರಿನದೇ ಒಂದು ಪಡೆ ಹೋಗಿತ್ತು. ಪುಣೆ ಡಿವಿಜನ್ನಿನ ಬೆಳಗಾವಿ ಬ್ರಿಗೇಡ್ 1914ರ ನವೆಂಬರಿನಲ್ಲಿ ಹಡಗೇರಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಸಾಗಿತು. ನಾಲ್ಕು ಪಲ್ಟನ್ನುಗಳ ಜನ, ಹೇಸರಗತ್ತೆ, ಮದ್ದುಗುಂಡಿನ ಪೆಟ್ಟಿಗೆ! ಆಗ ಬೆಳಗಾವಿಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರಿಗೆ ಪುಣೆಯಲ್ಲಿ ಮೀಟರ್ ಗೇಜ್ ಮುಗಿಯುತ್ತಿತ್ತು. ಎಲ್ಲ ಇಳಿಸಿ ಬ್ರಾಡ್ ಗೇಜಿಗೆ ಏರಿಸಬೇಕು. ಯಾವ ತುಕಡಿ ಮೊದಲು, ಯಾವ ಪೆಟ್ಟಿಗೆ ಕೊನೆಗೆ ಎಂಬುದು ತಪ್ಪಿದರೆ ಗುಂಡು ಒಂದು ಕಡೆ, ಬಂದೂಕು ಇನ್ನೊಂದು ಕಡೆ. ಒಂದೇ ಶಬ್ದದಲ್ಲಿ ವಾಹನವೂ ಕ್ರಿಯೆಯೂ ತಿಳಿಯಬೇಕಾದದ್ದು ಇದಕ್ಕೇ. 1916ರ ಏಪ್ರಿಲಿನಲ್ಲಿ ಕೂತ್ ಪಟ್ಟಣದಲ್ಲಿ ಸೆರೆಯಾದ ಸೈನ್ಯದಲ್ಲಿ ಈ ಬ್ರಿಗೇಡೂ ಇತ್ತು. ಹೋದವರಲ್ಲಿ ಎಷ್ಟೋ ಜನ ಮರಳಿ ಬೆಳಗಾವಿಯಲ್ಲಿ ಇಳಿಯಲೇ ಇಲ್ಲ.

ಗಾಡಿ ದೇಸೂರು ದಾಟಿತೆಂದರೆ ಹಸಿರು ದಟ್ಟವಾಗುತ್ತದೆ. ಖಾನಾಪುರ ಮಲಪ್ರಭೆಯ ದಂಡೆಯ ಊರು, ಹಂಚು ಮತ್ತು ಮಣ್ಣಿನ ಪಾತ್ರೆಗಳಿಗೆ ಹೆಸರಾದದ್ದು. ಇಲ್ಲಿಗೆ ಬಂದಾಗ ಕನ್ನಡಕ್ಕೆ ಶಬ್ದದ ಬಡತನ ಎನ್ನುವವರ ಮಾತು ನಿಲ್ಲುವುದಿಲ್ಲ. ಎತ್ತಿನ ಗಾಡಿಗೆ ಹೇರುತ್ತೇವೆ, ಲಾರಿಗೆ ತುಂಬುತ್ತೇವೆ, ಕತ್ತೆಯ ಬೆನ್ನಿಗೆ ಹೊರಿಸುತ್ತೇವೆ. ಇಂಗ್ಲಿಷ್ ಮೂರಕ್ಕೂ ‘ಲೋಡ್’ ಎಂದು ಕೈತೊಳೆದುಕೊಳ್ಳುತ್ತದೆ! ನಮ್ಮ ‘ಹತ್ತು’ ಆದರೂ ಸಾಮಾನ್ಯದ್ದೇ? ಈ ಭಾಗದಲ್ಲಿ ಮಳಿ ಹತ್ತತೈತಿ, ಹುಡುಗ ಓದಾಕ ಹತ್ತ್ಯಾನ, ಊರಿಗೆ ಹೋಗಾಕ ರೊಕ್ಕ ಹತ್ತತೈತಿ.

ಎನ್‌ಸಿಸಿ ಶಿಬಿರಕ್ಕೋ ಸೈನ್ಯದ ಪರೀಕ್ಷೆಗೋ ಹೊರಟ ಮಕ್ಕಳು ಈ ಶಬ್ದಗಳನ್ನು ಕಿವಿಗೆ ಹಾಕಿಕೊಂಡಿರಲಿ. ‘ಡಿಬಸ್’ ಎಂಬ ಕೂಗಿಗೆ ಪಕ್ಕದವನ ಮುಖ ನೋಡುವಂತಾಗಬಾರದು. ಆದರೆ ಪ್ರವಾಸದ ಪ್ರಬಂಧದಲ್ಲಿ ‘ನಾವು ಎಂಬಸ್ ಆದೆವು’ ಎಂದು ಬರೆದರೆ ಮೇಷ್ಟರಿಗೆ ನಗು ಬಂದೀತು. ಅಲ್ಲಿ ‘ಬೋರ್ಡ್’ ಸಾಕು. ಇಳಿಯುವುದಕ್ಕೆ ರೈಲ್ವೆಯವರ ‘ಅಲೈಟ್’ ಇದೆ. ಅದು ಸ್ವಲ್ಪ ಇಸ್ತ್ರಿ ಹಾಕಿದ ಮಾತು, ಸೂಚನಾ ಫಲಕಕ್ಕೆ ಒಪ್ಪುತ್ತದೆ. ಪಾಲಕರೂ ಮಕ್ಕಳಿಗೆ ದೊಡ್ಡ ಶಬ್ದ ಕಲಿಸುವಾಗ ಅದು ಯಾರ ಕೆಲಸದ ಶಬ್ದ ಎಂಬುದನ್ನೂ ಹೇಳಿಕೊಡಬೇಕು.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರರು ಒಂದೇ ಉಸಿರಿಗೆ ಕನ್ನಡದಲ್ಲಿ ‘ಹತ್ರಿ’ ಎಂದೂ ಮರಾಠಿಯಲ್ಲಿ ‘ಚಢಾ’ ಎಂದೂ ಕೂಗುತ್ತಾರೆ. ಜಾಂಬೋಟಿಯ ಗಾಡಿ ತುಂಬುತ್ತದೆ.